ಉಪ್ಪರಿಗೆ ಹತ್ತಿದ ಉಪ್ಪು

ನನ್ನ ಷಡ್ಡಕನ ಮನೆ ಇರುವುದು ಬೆಂಗಳೂರಿನ ಒಂದು ಕಟ್ಟಡದ 18ನೇ ಮಹಡಿಯಲ್ಲಿ. ಈಚೆಗೆ ಒಂದು ದಿನ ಅಲ್ಲಿ ಊಟಕ್ಕೆ ಕೂತೆವು. ಬಾಳೆಲೆ ಬಂತು, ನೀರು ಬಂತು; ಎಲೆಯ ತುದಿಗೆ ಮೊಟ್ಟಮೊದಲು ಬೀಳಬೇಕಾದ ಉಪ್ಪು ಮಾತ್ರ ಬರಲಿಲ್ಲ. ಬದಲಿಗೆ ಒಂದು ಮರದ ತಟ್ಟೆ ಬಂತು. ಅದರ ಮೇಲೆ 11 ಪುಟ್ಟ ಗಾಜಿನ ಶೀಶೆ, ಪ್ರತಿ ಶೀಶೆಯ ಕುತ್ತಿಗೆಗೆ ಸೆಣಬಿನ ದಾರ, ದಾರದ ತುದಿಗೊಂದು ಚೀಟಿ.

“ಭಾವ, ನಿಮಗೆ ಯಾವ ಉಪ್ಪು ಹಾಕಲಿ?”

ಅರವತ್ತು ಸಮೀಪಿಸಿದೆ ನನಗೆ. ಡಾಕ್ಟರು ಎಷ್ಟು ಉಪ್ಪು ತಿಂತೀರಿ ಅಂತ ಗದರಿಸಿದ್ದಾರೆ, ಹೆಂಡತಿ ಉಪ್ಪು ಸರಿಯಾಗಿದೆಯಾ ಅಂತ ವಿಚಾರಿಸಿದ್ದಾಳೆ. ಯಾವ ಉಪ್ಪು ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಚೀಟಿಗಳನ್ನು ಓದುತ್ತಾ ಹೋದೆ: ನಿಂಬೆಸಿಪ್ಪೆಯ ಉಪ್ಪು, ಕಿತ್ತಳೆಯ ಉಪ್ಪು, ರೋಸ್‌ಮರಿ ಉಪ್ಪು, ಬೆಳ್ಳುಳ್ಳಿ ಮತ್ತು ಸೇಜ್ ಎಲೆ ಬೆರೆಸಿದ ಬೊಲೊನ್ಯ ಶೈಲಿಯ ಉಪ್ಪು, ಕೇಸರಿ ಉಪ್ಪು, ಒಣಮೆಣಸಿನ ಉಪ್ಪು, ಹೊಗೆ ಹಾಕಿದ ಉಪ್ಪು, ಕೆಂಪು ವೈನು ಕುಡಿದ ಉಪ್ಪು, ಕಪ್ಪು ಟ್ರಫಲ್ ಉಪ್ಪು, ಚೆರ್ವಿಯಾದ ‘ಸಿಹಿ’ ಉಪ್ಪು, ಟ್ರಾಪನಿಯ ಉಪ್ಪಿನ ಹೂವು. ಮುಂದೆ ಅನ್ನ ಆರುತ್ತಿತ್ತು.

ನಾನೂ ಸಾಚಾ ಅಲ್ಲ. ಈ ಶೀಶೆಗಳನ್ನು ಕೊಂಡಾಗ ಪಕ್ಕದಲ್ಲೇ ನಿಂತಿದ್ದೆ. ಎರಡು ಸಂಸಾರ ಸೇರಿ ಇಟಲಿಗೆ ಹೋಗಿದ್ದೆವು. ಎಲ್ಲರೂ ಹೋಗುತ್ತಾರೆ, ಎಲ್ಲರೂ ಪೀಸಾದ ಗೋಪುರವನ್ನು ಅಂಗೈಯಲ್ಲಿ ತಳ್ಳುವ ಫೋಟೊ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಉಪ್ಪಿನ ಗ್ರಹಚಾರ ವಕ್ಕರಿಸಿದ್ದು ರೋಮಿನಲ್ಲಿ. ಅಲ್ಲಿ ವಿಯಾ ಸಲಾರಿಯಾ ಅಂತ ಒಂದು ಹಳೇ ರಸ್ತೆ ಇದೆ. ಹೆಸರೇ ಉಪ್ಪಿನ ದಾರಿ. ನಮ್ಮ ಗೈಡು, ರೋಮಿನ ಸೈನಿಕರಿಗೆ ಉಪ್ಪಿನಲ್ಲೇ ಪಗಾರ ಬಟವಾಡೆ ಆಗುತ್ತಿತ್ತು, ಅದಕ್ಕೇ ‘ಸ್ಯಾಲರಿ’ ಎಂಬ ಪದ ಬಂತು ಎಂದ. ಸೈನಿಕರು ಉಪ್ಪಿನ ಮೂಟೆ ಹೊತ್ತು ಮನೆಗೆ ಹೋಗುತ್ತಿದ್ದರು ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಪದದ ಬೇರು ಉಪ್ಪಿನದ್ದು ಎನ್ನುವುದು ಮಾತ್ರ ನಿಜ. ಐಟಿ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವ ಷಡ್ಡಕ ಈ ಕಥೆಗೆ ಕರಗಿಹೋದ. ಸಂಬಳ ಹುಟ್ಟಿದ್ದು ಉಪ್ಪಿನಲ್ಲಾದರೆ ಸಂಬಳವನ್ನು ಉಪ್ಪಿಗೇ ಸುರಿದು ಋಣ ತೀರಿಸುವುದು ತನ್ನ ಕರ್ತವ್ಯ ಎಂದು ಅವನು ಅಲ್ಲೇ ಸಂಕಲ್ಪ ಮಾಡಿರಬೇಕು.

ಮಾರನೇ ದಿನ ಫ್ಲಾರೆನ್ಸ್. ಹೋಟೆಲಿನಲ್ಲಿ ಬ್ರೆಡ್ಡು ಕೊಟ್ಟರು. ಒಂದು ತುತ್ತು ತಿಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉಪ್ಪೇ ಇಲ್ಲ! ಪಾಪ, ಭಟ್ಟರು ಮರೆತಿದ್ದಾರೆ ಎಂದುಕೊಂಡೆವು. ವಿಚಾರಿಸಿದರೆ ಟಸ್ಕನಿಯ ಬ್ರೆಡ್ಡೇ ಹಾಗೆ, ತಲೆತಲಾಂತರದಿಂದ ಸಪ್ಪೆ. ಪಕ್ಕದ ಉಂಬ್ರಿಯಾದ ಪೆರೂಜಾದಲ್ಲೂ ಬ್ರೆಡ್ಡು ಸಪ್ಪೆಯೇ, ಅಲ್ಲಿ ಅದಕ್ಕೊಂದು ಜಗಳದ ಕಥೆಯೂ ಇದೆ. 1540ರಲ್ಲಿ ಮೂರನೇ ಪಾಲ್ ಎಂಬ ಪೋಪ್ ಉಪ್ಪಿನ ಮೇಲೆ ತೆರಿಗೆ ಏರಿಸಿದ. ಪೆರೂಜಾ ದಂಗೆ ಎದ್ದಿತು. ಪೋಪನ ಸೈನ್ಯ ಊರನ್ನು ಬಗ್ಗುಬಡಿಯಿತು, ಪೋಪ್ ಊರಿನ ನೆತ್ತಿಯ ಮೇಲೆ ರೊಕ್ಕಾ ಪಾವೊಲಿನಾ ಎಂಬ ಕೋಟೆ ಕಟ್ಟಿಸಿದ. ಯುದ್ಧದಲ್ಲಿ ಸೋತ ಜನ ಬ್ರೆಡ್ಡಿಗೆ ಉಪ್ಪು ಹಾಕುವುದನ್ನೇ ಬಿಟ್ಟು ಹಟ ಸಾಧಿಸಿದರು ಎನ್ನುತ್ತದೆ ಊರವರ ಕಥೆ. ಇತಿಹಾಸಕಾರರು ಇದನ್ನು ಪೂರ್ತಿ ನಂಬುವುದಿಲ್ಲ, ಆದರೆ ಬ್ರೆಡ್ಡು ಇವತ್ತಿಗೂ ಸಪ್ಪೆ. ತನ್ನ ಬ್ರೆಡ್ಡಿಗೇ ಉಪ್ಪು ಹಾಕದ ನಾಡಿನಿಂದ ನಾವು 11 ಬಗೆಯ ಉಪ್ಪು ಹೊತ್ತು ತಂದೆವು.

ಅಷ್ಟಾದ ಮೇಲೆ ಸಿಸಿಲಿ ದ್ವೀಪದ ಪಶ್ಚಿಮದ ತುದಿ, ಟ್ರಾಪನಿ. ವ್ಯಂಗ್ಯವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಹೇಳುತ್ತೇನೆ, ಆ ಜಾಗ ಚೆನ್ನಾಗಿದೆ. ಟ್ರಾಪನಿಯಿಂದ ಪಕ್ಕದ ಪಚೇಕೊವರೆಗೆ ಕಡಲಂಚಿನಲ್ಲಿ ಉಪ್ಪಿನ ಗದ್ದೆಗಳು, ನಡುವೆ ಗಾಳಿಗಿರಣಿಗಳು, ದಂಡೆಯ ಮೇಲೆ ಬಿಳಿ ಉಪ್ಪಿನ ರಾಶಿಗಳು, ಮಳೆಗೆ ಕರಗದಿರಲಿ ಎಂದು ರಾಶಿಗೆ ಮಣ್ಣಿನ ಹೆಂಚು ಹೊದಿಸಿರುತ್ತಾರೆ. ಉಪ್ಪಿನ ರಾಶಿಗೆ ನಮ್ಮ ಮಲೆನಾಡಿನ ಮನೆಯ ಮಾಡು ಕೂರಿಸಿದ ಹಾಗೆ. 12ನೇ ಶತಮಾನದಲ್ಲಿ ಸಿಸಿಲಿಯ ನಾರ್ಮನ್ ದೊರೆಯ ಆಸ್ಥಾನದಲ್ಲಿದ್ದ ಅರಬ್ ಭೂಗೋಳಶಾಸ್ತ್ರಜ್ಞ ಅಲ್-ಇದ್ರೀಸಿ ಆಗಲೇ ಈ ಉಪ್ಪಿನ ಗದ್ದೆಗಳ ಬಗ್ಗೆ ಬರೆದಿದ್ದ. ಈಗ ಅದು ರಕ್ಷಿತ ಪ್ರದೇಶ, ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ.

ಕೆಲಸದ ಬಗೆ ಸರಳ, ಕೈಚಳಕ ಕಷ್ಟದ್ದು. ಮೆಡಿಟರೇನಿಯನ್ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 38 ಗ್ರಾಂ ಲವಣ ಇರುತ್ತದೆ. ಆ ನೀರನ್ನು ಒಂದು ಕಟ್ಟೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬಿಡುತ್ತಾ ಬಿಸಿಲು, ಗಾಳಿಗೆ ಒಡ್ಡುತ್ತಾರೆ. ನೀರು ದಪ್ಪಗಾಗುತ್ತಾ ಹೋದ ಹಾಗೆ ಮೊದಲು ಸುಣ್ಣದ ಅಂಶ ತಳಕ್ಕಿಳಿಯುತ್ತದೆ, ಆಮೇಲೆ ಜಿಪ್ಸಮ್, ಆಮೇಲೆ ಉಪ್ಪು. ಕೊನೆಯಲ್ಲಿ ಉಳಿಯುವುದು ಮೆಗ್ನೀಷಿಯಮ್ ತುಂಬಿದ ಕಹಿ ನೀರು. ಅದನ್ನು ಸರಿಯಾದ ಹೊತ್ತಿಗೆ ಹೊರಗೆ ಬಿಡಬೇಕು, ತಡವಾದರೆ ಉಪ್ಪು ಕಹಿ. ಗಾಳಿ ಶಾಂತವಾಗಿದ್ದ ದಿನ ನೀರಿನ ಮೇಲೆ ಕೆನೆಯಂತೆ ತೆಳುವಾಗಿ ಕಟ್ಟುವ ಪದರವನ್ನು ಕೈಯಲ್ಲೇ ತೆಗೆಯುತ್ತಾರೆ, ಅದೇ ‘ಫ್ಯೋರ್ ದಿ ಸಾಲೆ’, ಉಪ್ಪಿನ ಹೂವು. ತಳದಲ್ಲಿ ಕೂತ ದಪ್ಪ ಹರಳು ‘ಸಾಲೆ ಗ್ರೊಸ್ಸೊ’, ಉಪ್ಪಿನ ಶೂದ್ರ. ಹೂವು ಶೀಶೆಗೆ ಹೋಗುತ್ತದೆ, ಹರಳು ಕಾಗದದ ಪೊಟ್ಟಣಕ್ಕೆ. ಎರಡರ ತಾಯಿಯೂ ಒಂದೇ ಗದ್ದೆಯ ನೀರು.

ಅಂಗಡಿಯಲ್ಲಿ 100 ಗ್ರಾಂ ಹೂವಿಗೆ 8 ಯೂರೊ. ಷಡ್ಡಕ ರೂಪಾಯಿಗೆ ಲೆಕ್ಕ ಹಾಕಲಿಲ್ಲ, ಹಾಕಬಾರದು ಎಂಬ ವ್ರತದಲ್ಲಿದ್ದ. “ಇದರಲ್ಲಿ ಮಿನರಲ್ಸ್ ಇದೆ ಭಾವ” ಎಂದ. ಇದೆ, ಇಲ್ಲ ಅನ್ನಲಾರೆ. ಆದರೆ ಯಾವ ಹೆಸರಿನ ಉಪ್ಪಾದರೂ ಅದರ ಬಹುಪಾಲು ಸೋಡಿಯಂ ಕ್ಲೋರೈಡೇ. ಉಳಿದ ಚಿಲ್ಲರೆ ಅಂಶದಲ್ಲಿ ಸಿಗುವ ಮೆಗ್ನೀಷಿಯಮ್ಮಿಗಾಗಿ ಉಪ್ಪು ತಿನ್ನುವುದೆಂದರೆ ದಕ್ಷಿಣೆಯ ಆಸೆಗೆ ಹೆಣ ಹೊತ್ತ ಹಾಗೆ. ಒಂದು ಹಿಡಿ ಹೆಸರುಕಾಳಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತದೆ. ಹೆಸರುಕಾಳಿಗೆ ಸೆಣಬಿನ ದಾರ ಕಟ್ಟಿ ಯಾರೂ ಮಾರುತ್ತಿಲ್ಲ, ಅಷ್ಟೇ.

ಆ ರಾತ್ರಿ ನಡೆದದ್ದನ್ನು ಷಡ್ಡಕ ಯಾರಿಗೂ ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳಬೇಕು. ನಾವು ಉಳಿದುಕೊಂಡಿದ್ದ ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ನಮಗಾಗಿ ಪಾಸ್ತಾ ಮಾಡಿದರು. ಇಟಲಿಯಲ್ಲಿ ಪಾಸ್ತಾಕ್ಕೆ ಒಂದು ಬಾಯಿಪಾಠದ ಲೆಕ್ಕ ಇದೆ: 100 ಗ್ರಾಂ ಪಾಸ್ತಾ, 1 ಲೀಟರ್ ನೀರು, 10 ಗ್ರಾಂ ಉಪ್ಪು. ಅಜ್ಜಿ ಲೆಕ್ಕದ ಗೋಜಿಗೇ ಹೋಗಲಿಲ್ಲ. ಒಲೆಯ ಪಕ್ಕದ ಕಾಗದದ ಪೊಟ್ಟಣಕ್ಕೆ ಕೈ ಹಾಕಿ, ಒಂದು ಮುಷ್ಟಿ ಹರಳುಪ್ಪು ತೆಗೆದು ಕುದಿಯುವ ನೀರಿಗೆ ಎಸೆದರು. ನಮ್ಮ ಷಡ್ಡಕ ಫೋನು ತೆಗೆದು, ಅನುವಾದ ಮಾಡುವ ಆ್ಯಪ್‌ನಲ್ಲಿ ಬಹಳ ವಿನಯದಿಂದ ಕೇಳಿದ: “ಅಮ್ಮಾ, ಇದು ಯಾವ ಉಪ್ಪು?” ಫೋನು ಇಟಾಲಿಯನ್ನಿನಲ್ಲಿ ಉಲಿಯಿತು. ಅಜ್ಜಿ ಪೊಟ್ಟಣ ನೋಡಿದರು, ಇವನನ್ನು ನೋಡಿದರು. “ಸಾಲೆ” ಎಂದರು.

ಉಪ್ಪು. ಅಷ್ಟೇ ಅದರರ್ಥ.

ಅದು ಕಿಲೋಗೆ ಒಂದು ಯೂರೊ ಕೂಡ ಬಾಳದ ಸರಕು. ಉಪ್ಪಿನ ಹೂವೂ ಆ ಮನೆಯಲ್ಲಿತ್ತು ಅನ್ನಿ. ಹೆಚ್ಚಿದ ಟೊಮೆಟೊ ಮೇಲೆ ಆಲಿವ್ ಎಣ್ಣೆ ಸುರಿದು, ಎರಡು ಬೆರಳಲ್ಲಿ ಒಂದಿಷ್ಟು ಉದುರಿಸಿದರು. ಹಲ್ಲಿಗೆ ಸಿಕ್ಕು ಕರುಂ ಎಂದು ಒಡೆಯಿತು, ಟೊಮೆಟೊ ಒಮ್ಮೆ ಎದ್ದು ಕೂತಂತಾಯಿತು. ನಿಜಕ್ಕೂ ರುಚಿ. ಹೂವಿನ ಮಹಿಮೆ ಆ ಕರುಂನಲ್ಲಿದೆ. ನೀರಿಗೆ ಬಿದ್ದರೆ ಹೂವೂ ಒಂದೇ ಹರಳೂ ಒಂದೇ. ಇದು ಗೊತ್ತಿದ್ದುದರಿಂದಲೇ ಅಜ್ಜಿ ಒಂದನ್ನು ಮುಷ್ಟಿಯಲ್ಲೂ ಇನ್ನೊಂದನ್ನು ಬೆರಳಲ್ಲೂ ಎತ್ತಿದರು. ನಾನು ಉಪ್ಪಿನ ಬಟ್ಟಲಿಗೆ ಕೈ ಚಾಚಿದಾಗ ಅವರು ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದರು. ಕೈಯಿಂದ ಕೈಗೆ ಉಪ್ಪು ಕೊಟ್ಟರೆ ಜಗಳವಾಗುತ್ತದಂತೆ. ಒಂದು ಕ್ಷಣ ನಾನು ಸಿಸಿಲಿಯಲ್ಲಿದ್ದೇನೋ ಕುಮಟೆಯಲ್ಲಿ ನಮ್ಮ ಅತ್ತೆಯ ಅಡುಗೆಮನೆಯಲ್ಲಿದ್ದೇನೋ ತಿಳಿಯಲಿಲ್ಲ.

ಬರುವಾಗ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೂಕ ಮೀರಿತು. ಷಡ್ಡಕ ತನ್ನ ಸ್ವೆಟರು, ಬೂಟು, ಮಗನ ಪುಸ್ತಕ ಎಲ್ಲ ತೆಗೆದ. ಉಪ್ಪು ತೆಗೆಯಲಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕು. ಉಪ್ಪು ಹೊತ್ತವನು ದಂಡ ಕಟ್ಟಬೇಕು. ಕಟ್ಟಿದ.

ಬೆಂಗಳೂರಿಗೆ ಬಂದ ಮೇಲೆ ಶುರುವಾಯಿತು ಉಪ್ಪಿನ ಸಂಸಾರ. ಅವನ ಹೆಂಡತಿ, ಅಂದರೆ ನನ್ನ ನಾದಿನಿ, ಚೆರ್ವಿಯಾದ ಶೀಶೆಯಲ್ಲಿ ‘ಸಾಲೆ ದೋಲ್ಚೆ’, ಸಿಹಿ ಉಪ್ಪು ಎಂದಿದ್ದನ್ನು ಕಂಡು ಪಾಯಸಕ್ಕೆ ಹಾಕಲು ಹೊರಟಿದ್ದಳು. ಅದಕ್ಕೂ ಸಕ್ಕರೆಗೂ ಸಂಬಂಧವಿಲ್ಲ. ಕಹಿ ಲವಣಗಳು ಕಡಿಮೆ ಇರುವುದರಿಂದ ಆ ಹೆಸರು. ಏಡ್ರಿಯಾಟಿಕ್ ದಂಡೆಯ ಚೆರ್ವಿಯಾ ಇಟಲಿಯ ಉತ್ತರಕ್ಕಿರುವ ಉಪ್ಪಿನ ಊರು, ಬೇಸಿಗೆ ಚಿಕ್ಕದು. ಅಲ್ಲಿನ ಕಮಿಲ್ಲೋನೆ ಎಂಬ ಒಂದು ಗದ್ದೆಯಲ್ಲಿ ಈಗಲೂ ಹಳೇ ಕ್ರಮದಲ್ಲಿ ಮರದ ಸಲಕರಣೆ ಹಿಡಿದು ಕೈಯಲ್ಲೇ ಉಪ್ಪು ಎಳೆಯುತ್ತಾರೆ. ಹಿಂದೆ ಪೋಪರ ಊಟದ ಮೇಜಿಗೆ ಈ ಊರಿನಿಂದ ಉಪ್ಪು ಹೋಗುತ್ತಿತ್ತು. ಈಗ ನನ್ನ ನಾದಿನಿಯ ಶಾವಿಗೆ ಪಾಯಸದ ಬಾಗಿಲವರೆಗೆ ಬಂದು ತಪ್ಪಿಸಿಕೊಂಡಿದೆ.

ಇನ್ನು ಹುಳಿ. ನಾವು ಊಟಕ್ಕೆ ಹೋಗಿದ್ದ ಆ ದಿನ ಹುಳಿಗೆ ಹಾಕಿದ್ದು ಟ್ರಾಪನಿಯ ಹೂವು, ಎರಡು ಚಮಚ. ಬೇಳೆ, ನುಗ್ಗೆಕಾಯಿ, ಹುಣಸೆ, ಮಸಾಲೆಯ ನಡುವೆ ಕುದಿದು ಅದು ತನ್ನ ಕುಲಗೋತ್ರವನ್ನೆಲ್ಲ ಮರೆಯಿತು. ಮೇಲಾಗಿ ಹೂವು ಹಗುರ. ಪುಡಿ ಉಪ್ಪು ಒಂದು ಚಮಚದಲ್ಲಿ ಒತ್ತಾಗಿ ಕೂತಷ್ಟು ಅದು ಕೂರುವುದಿಲ್ಲ. ಚಮಚದ ಲೆಕ್ಕ ಅದೇ, ಉಪ್ಪಿನ ಲೆಕ್ಕ ಕಡಿಮೆ. ಹೀಗಾಗಿ ಸಾವಿರಾರು ಮೈಲಿ ದೂರದಿಂದ ಬಂದ ಉಪ್ಪು ಹಾಕಿಯೂ ಹುಳಿ ಸಪ್ಪೆ. ಯಾರೂ ಹೇಳಲಿಲ್ಲ. ಅಷ್ಟು ದುಬಾರಿ ಉಪ್ಪು ಹಾಕಿದ ಮೇಲೆ ಸಪ್ಪೆ ಎನ್ನಲು ಯಾರಿಗೆ ಧೈರ್ಯ? “ಏನೋ ಒಂಥರಾ ಲೈಟ್ ಆಗಿದೆ” ಎಂದರು ಅತಿಥಿಗಳು. ಷಡ್ಡಕ ಹಿಗ್ಗಿದ.

ಅತ್ತೆ ಊರಿನಿಂದ ಬಂದದ್ದು ಅದೇ ಬೆಳಿಗ್ಗೆ. ಅವರು ಎಲೆಯ ಮುಂದೆ ಕೂತು ಒಂದು ತುತ್ತು ತಿಂದು, “ತಂಗೀ, ಉಪ್ಪು ಹಾಕಲು ಮರೆತೆಯೇನೇ?” ಎಂದು ಮಗಳನ್ನು ಕೇಳಿದರು. ಷಡ್ಡಕ ಓಡಿಬಂದು ಮರದ ತಟ್ಟೆ ಚಾಚಿ, ಇದ್ದುದರಲ್ಲೇ ಶ್ರೇಷ್ಠವಾದ ಕಪ್ಪು ಟ್ರಫಲ್ ಉಪ್ಪಿನ ಮುಚ್ಚಳ ತೆಗೆದ. ಅತ್ತೆ ದಡಕ್ಕನೆ ಎದ್ದರು. “ಗ್ಯಾಸ್ ಸೋರ್ತಾ ಇದೆ! ಕಿಟಕಿ ತೆಗೆಯಿರಿ, ಯಾರೂ ಸ್ವಿಚ್ಚು ಮುಟ್ಟಬೇಡಿ!” ಎಂದು ಅಡುಗೆಮನೆಗೆ ಧಾವಿಸಿ ಒಲೆಯ ಗುಬುಟು ತಿರುಗಿಸಿದರು.

ಎಲ್ಲರೂ ನಕ್ಕರು. ನಗುವಂಥದ್ದೇನೂ ಇರಲಿಲ್ಲ. ನೆಲದೊಳಗೆ ಬೆಳೆದು, ನಾಯಿ ಮೂಸಿ ಹುಡುಕುವ ನಿಜವಾದ ಟ್ರಫಲ್ ಅಣಬೆ ವಿಪರೀತ ತುಟ್ಟಿ. ಆದ್ದರಿಂದ ಶೀಶೆಗೆ ಬಹಳ ಸಲ ಸೇರುವುದು ಪ್ರಯೋಗಾಲಯದಲ್ಲಿ ತಯಾರಾದ 2,4-ಡೈಥಯಾಪೆಂಟೇನ್ ಎಂಬ, ಗಂಧಕ ಇರುವ ರಾಸಾಯನಿಕ. ವಾಸನೆಯಿಲ್ಲದ ಅಡುಗೆ ಅನಿಲ ಸೋರಿದಾಗ ಗೊತ್ತಾಗಲಿ ಎಂದು ಬೆರೆಸುವ ಈಥೈಲ್ ಮರ್ಕ್ಯಾಪ್ಟಾನ್ ಕೂಡ ಗಂಧಕದ ಸಂತಾನವೇ. ಎರಡೂ ದಾಯಾದಿಗಳು. ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಅರೋಮಾ’ ಎಂದಿತ್ತು. ಆ ಕೋಣೆಯಲ್ಲಿದ್ದ ಇಬ್ಬರು ಎಂಜಿನಿಯರುಗಳು, ಒಬ್ಬ ಚಾರ್ಟರ್ಡ್ ಅಕೌಂಟೆಂಟು, ಒಬ್ಬ ಅಂಕಣಕಾರ ಯಾರಿಗೂ ತಿಳಿಯದ್ದು ಏಳನೇ ಇಯತ್ತೆ ಓದಿದ ಅತ್ತೆಯ ಮೂಗಿಗೆ ತಿಳಿಯಿತು.

ಕಿಟಕಿ ತೆಗೆದು ಗಾಳಿ ಆಡಿದ ಮೇಲೆ ಅತ್ತೆ ತಮ್ಮ ಚೀಲದಿಂದ ಒಂದು ಕೊಟ್ಟೆ ತೆಗೆದರು. ಸಾಣಿಕಟ್ಟೆಯ ಹರಳುಪ್ಪು. ಗೋಕರ್ಣ, ಕುಮಟೆಗಳ ನಡುವೆ, ಅಘನಾಶಿನಿ ಕಡಲು ಸೇರುವಲ್ಲಿನ ಗದ್ದೆಗಳದ್ದು. ಮಳೆಗಾಲ ಮುಗಿದು ಬಿಸಿಲು ಬಲಿತ ಮೇಲೆ ಅಲ್ಲೂ ಕಟ್ಟೆಯಿಂದ ಕಟ್ಟೆಗೆ ನೀರು ಬಿಟ್ಟು, ಟ್ರಾಪನಿಯವರು ಮಾಡುವುದನ್ನೇ ಮಾಡುತ್ತಾರೆ. ಬಣ್ಣ ಸ್ವಲ್ಪ ಮಾಸಲು. ಗಾಳಿಗಿರಣಿ ಇಲ್ಲ, ಸೆಣಬಿನ ದಾರ ಇಲ್ಲ, ಇಟಾಲಿಯನ್ ಹೆಸರಿಲ್ಲ. ಮಾವಿನ ಮಿಡಿ ಉಪ್ಪಿನಕಾಯಿಗೆ ಮಾತ್ರ ಆ ಕಡೆಯ ಹೆಂಗಸರು ಬೇರೆ ಉಪ್ಪನ್ನು ಒಪ್ಪುವುದಿಲ್ಲ. “ಅತ್ತೆ, ಇದರಲ್ಲಿ ಕಸ ಇರತ್ತೆ” ಎಂದ ಷಡ್ಡಕ. ಅವನ ಹೊಗೆ ಹಾಕಿದ ಉಪ್ಪಿನಲ್ಲಿರುವುದು ಮಸಿ, ನಿಂಬೆ ಉಪ್ಪಿನಲ್ಲಿರುವುದು ಸಿಪ್ಪೆ. ಹೊರಗಿನಿಂದ ಬಂದರೆ ಫ್ಲೇವರು, ಊರಲ್ಲೇ ಇದ್ದರೆ ಕಸ.

ಒಣಮೆಣಸಿನ ಉಪ್ಪಿನ ಶೀಶೆಯಂತೂ ನನಗೆ ಬಾಲ್ಯವನ್ನೇ ಮಾರುತ್ತಿರುವಂತೆ ಕಂಡಿತು. ಶಾಲೆಯ ಗೇಟಿನ ಬಳಿ ಮಾವಿನಕಾಯಿ ಸೀಳಿ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದ ಅಜ್ಜಿ ಅದಕ್ಕೆ ಬೇರೆ ದುಡ್ಡು ತಗೊಳ್ಳುತ್ತಿರಲಿಲ್ಲ. ಇನ್ನೊಂದು ಚೂರು ಹಾಕಜ್ಜಿ ಎಂದರೆ ಹಾಕುತ್ತಿದ್ದಳು.

ಒಂದು ಸಂಗತಿಯನ್ನು ತಮಾಷೆ ಇಲ್ಲದೆ ಹೇಳಬೇಕು. ಷಡ್ಡಕನಿಗೆ ಬಿಪಿ ಇದೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ. ಅವನು ಅದನ್ನು “ಕಡಿಮೆ ದರ್ಜೆಯ ಉಪ್ಪು ಬಿಡಿ, ಮೇಲ್ದರ್ಜೆಯ ಉಪ್ಪು ಹಿಡಿಯಿರಿ” ಎಂದು ಅರ್ಥ ಮಾಡಿಕೊಂಡಿದ್ದಾನೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ 5 ಗ್ರಾಂ ಸಿಸಿಲಿಯದೋ ತೂತುಕುಡಿಯದೋ ಎಂದು ರಕ್ತನಾಳ ಪಾಸ್‌ಪೋರ್ಟ್ ಕೇಳುವುದಿಲ್ಲ. ಅಯೋಡಿನ್ ವಿಷಯವೂ ಹಾಗೇ. ಸಮುದ್ರದಿಂದ ಬಂದದ್ದಲ್ಲವೇ, ಅಯೋಡಿನ್ ಇದ್ದೇ ಇರುತ್ತದೆ ಎನ್ನುತ್ತಾನೆ. ಒಣಗುವ ಹೊತ್ತಿಗೆ ಉಪ್ಪಿನಲ್ಲಿ ಉಳಿಯುವುದು ಏನೇನೂ ಸಾಲದು. ಗಳಗಂಡ ತಡೆಯಲೆಂದೇ ನಮ್ಮಲ್ಲಿ 2006ರಿಂದ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕಾಗಿ ಮಾರುವಂತಿಲ್ಲ. ಇಟಲಿ ಕೂಡ 2005ರಲ್ಲಿ ಕಾನೂನು ಮಾಡಿ ಅಂಗಡಿಗಳಲ್ಲಿ ಅಯೋಡಿನ್ ಉಪ್ಪು ಸಿಗಲೇಬೇಕು ಎಂದಿತು. ಅತ್ತೆಗೆ ಈ ಕಾನೂನು ಗೊತ್ತಿಲ್ಲ, ಆದರೆ ಅವರ ಮನೆಯಲ್ಲಿ ಹರಳು ಉಪ್ಪಿನಕಾಯಿಗೆ, ಕಿರಾಣಿ ಅಂಗಡಿಯ ಅಯೋಡಿನ್ ಪ್ಯಾಕೆಟ್ಟು ಸಾರಿಗೆ.

ಉಪ್ಪಿಗೂ ಸರ್ಕಾರಕ್ಕೂ ನಂಟು ಹಳೆಯದು. ಇಟಲಿ ಒಂದು ದೇಶವಾಗಿ ಕೂಡಿಕೊಂಡ ಮೇಲೆ ಉಪ್ಪು ಸರ್ಕಾರದ ಏಕಸ್ವಾಮ್ಯವಾಯಿತು. 1970ರ ದಶಕದವರೆಗೂ ಆ ದೇಶದ ಬಹುಭಾಗದಲ್ಲಿ ಉಪ್ಪು ಬೇಕೆಂದರೆ ಸರ್ಕಾರದ ಪರವಾನಗಿ ಇದ್ದ ತಂಬಾಕಿನ ಅಂಗಡಿಗೆ ಹೋಗಬೇಕಿತ್ತು. ‘ಉಪ್ಪು ಮತ್ತು ತಂಬಾಕು’ ಎಂಬ ಹಳೇ ಫಲಕಗಳು ಈಗಲೂ ಅಲ್ಲಲ್ಲಿ ನೇತಾಡುತ್ತಿವೆ. ಸಿಸಿಲಿ, ಸಾರ್ಡೀನಿಯಾಗಳಿಗೆ ಮಾತ್ರ ವಿನಾಯಿತಿ. ಇತ್ತ ನಮ್ಮಲ್ಲಿ ಬ್ರಿಟಿಷರು ಅದೇ ಆಟ ಆಡಿದರು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಒಂದೇ ವಾರಕ್ಕೆ, 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯವರು ಉಪ್ಪಿನ ಕಾನೂನು ಮುರಿದರು. ಉಪ್ಪಿನ ತೆರಿಗೆ ಹೋದದ್ದು 1947ರಲ್ಲಿ. ಪೆರೂಜಾದವರು ಪೋಪನ ಎದುರು ನಿಂತದ್ದೂ ಅಂಕೋಲೆಯವರು ಲಾಠಿಯ ಎದುರು ನಿಂತದ್ದೂ ಉಪ್ಪು ಬಡವನ ಗಂಜಿಗೆ ಅಗ್ಗವಾಗಿ ಸಿಗಲಿ ಎಂದು. ಅಷ್ಟು ಕಷ್ಟಪಟ್ಟು ಅಗ್ಗ ಮಾಡಿಸಿಕೊಂಡ ಉಪ್ಪಿಗೆ ಈಗ ನಾವೇ ನಮ್ಮ ಮೇಲೆ ತೆರಿಗೆ ಹಾಕಿಕೊಂಡು, ದಾರ ಕಟ್ಟಿ, ಉಪ್ಪರಿಗೆ ಹತ್ತಿಸಿದ್ದೇವೆ.

ಮಳೆಗಾಲ ಬಂತು. ಸಿಸಿಲಿಯ ಹೂವಿಗೆ ಪುಡಿ ಉಪ್ಪಿನ ಹಾಗೆ ಗಂಟು ಕಟ್ಟದಂತೆ ಏನನ್ನೂ ಬೆರೆಸಿರುವುದಿಲ್ಲ. ಅದು ಬೆವರಿ, ಕೆಸರಾಗಿ, ಕಲ್ಲಾಯಿತು. ನಾದಿನಿ ಅದನ್ನು ಚಾಕುವಿನಿಂದ ಕೆತ್ತುತ್ತಿದ್ದಾಳಂತೆ. ಕೇಸರಿ ಉಪ್ಪಿನಲ್ಲಿ ಅತ್ತೆ ಮೊಮ್ಮಗನಿಗೆ ದೃಷ್ಟಿ ತೆಗೆದರು. ಕೈಗೆ ಸಿಕ್ಕಿದ್ದು ಅದು, ಜತೆಗೆ ನಾಲ್ಕು ಒಣಮೆಣಸು. ಇಳಿಸಿ ನೀರಿಗೆ ಹಾಕಿದ ಮೇಲೆ ಮಗು ರಾತ್ರಿಯಿಡೀ ನಿದ್ದೆ ಮಾಡಿತು. 11 ಶೀಶೆಗಳಲ್ಲಿ ಕೊಟ್ಟ ದುಡ್ಡಿಗೆ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ.

ಆ ದಿನ ಊಟ ಮುಗಿಸಿ ನಾವು ಹೊರಟಾಗ ಷಡ್ಡಕ ಪ್ರೀತಿಯಿಂದ ಟ್ರಫಲ್ ಉಪ್ಪಿನ ಶೀಶೆಯನ್ನು ನನ್ನ ಕೈಗಿಡಲು ಬಂದ. “ಕೈಗೆ ಕೊಡಬೇಡಿ ಅಳಿಯಂದಿರೇ, ಕೆಳಗಿಡಿ” ಎಂದರು ಅತ್ತೆ. ಕೆಳಗಿಟ್ಟ, ನಾನು ಎತ್ತಿಕೊಂಡೆ. ಈಗ ಅದು ನಮ್ಮ ಮನೆಯಲ್ಲಿದೆ, ಮುಚ್ಚಳದ ಮೇಲೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ಮೇಲೆ ರಬ್ಬರ್ ಬ್ಯಾಂಡು. ನಿಮಗೆ ಯಾರಿಗಾದರೂ ಬೇಕಿದ್ದರೆ ಬನ್ನಿ, ದುಡ್ಡು ಬೇಡ. ಗೇಟಿನ ಕಂಬದ ಮೇಲೆ ಇಟ್ಟಿರುತ್ತೇನೆ. ದೀಪ ಹಚ್ಚುವುದರೊಳಗೆ ಬಂದರೆ ಒಳ್ಳೆಯದು. ಆಮೇಲೆ ನಮ್ಮ ಮನೆಯಲ್ಲಿ ಉಪ್ಪು ಹೊರಗೆ ಕೊಡುವುದಿಲ್ಲ.